ಸ್ಮಾರ್ಟ್ ಗ್ರಿಡ್: ಟಿಸಿಯಿಂದ ಮೇಲಕ್ಕೆ ಏರಬೇಕಾದ ವಿದ್ಯುತ್ ಯೋಜನೆ

ವಿದ್ಯುತ್ತಿನ ಜೊತೆಗೆ ಮಾಹಿತಿಯೂ ಹರಿಯುವ, ಎರಡೂ ಎರಡು ದಿಕ್ಕಿಗೆ ಹರಿಯಬಲ್ಲ ಜಾಲಕ್ಕೆ ಸ್ಮಾರ್ಟ್ ಗ್ರಿಡ್ ಎಂದು ಹೆಸರು. ಯಾವ ಫೀಡರ್‌ನಲ್ಲಿ (ಸಬ್‌ಸ್ಟೇಷನ್ನಿನಿಂದ ಊರುಗಳಿಗೆ ಹೊರಡುವ ಲೈನಿನಲ್ಲಿ) ಈಗ ಎಷ್ಟು ಲೋಡ್ ಇದೆ, ಯಾವ ಊರಿನ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಕಾದಿದೆ, ಯಾವ ಬೀದಿಯ ಚಾವಣಿಗಳಿಂದ ಸೌರ ವಿದ್ಯುತ್ ಲೈನಿಗೆ ಮರಳುತ್ತಿದೆ ಎಂಬುದನ್ನು ಆಗಿಂದಾಗ್ಗೆ ಅಳೆಯುವುದು, ಅಳತೆಯನ್ನು ನಿಯಂತ್ರಣ ಕೊಠಡಿಗೆ ಕಳಿಸುವುದು, ಅಲ್ಲಿನ ಆದೇಶದಂತೆ ಸ್ವಿಚ್‌ಗಳನ್ನು ದೂರದಿಂದಲೇ ಹಾಕಿ ತೆಗೆಯುವುದು ಅದರ ಕೆಲಸ. ವಿದ್ಯುತ್ ಯೋಜನೆ ಇದಕ್ಕಿಂತ ಹಳೆಯ ಕಸುಬು. ಮುಂದಿನ ಹತ್ತು ವರ್ಷಗಳಲ್ಲಿ ಎಲ್ಲಿ ಎಷ್ಟು ಬೇಡಿಕೆ ಬರಬಹುದು, ಅದನ್ನು ಎಲ್ಲಿಂದ ಪೂರೈಸಬೇಕು, ಅದಕ್ಕೆ ಎಷ್ಟು ಲೈನು, ಎಷ್ಟು ಸಬ್‌ಸ್ಟೇಷನ್ ಬೇಕು ಎಂದು ಮೊದಲೇ ಲೆಕ್ಕ ಹಾಕಿ ಹಣ ಎತ್ತಿಡುವ ಕೆಲಸ ಅದು. ಇವೆರಡನ್ನೂ ಒಂದೇ ಕೆಲಸವಾಗಿ ನೋಡುವ ರೂಢಿ ಇನ್ನೂ ಬಂದಿಲ್ಲ. ಸ್ಮಾರ್ಟ್ ಗ್ರಿಡ್ ಎಂದರೆ ಗೋಡೆಗೆ ಬರುವ ಹೊಸ ಮೀಟರ್ ಎಂದೇ ಜನ ತಿಳಿದಿದ್ದಾರೆ. ಎಷ್ಟೋ ಸಲ ಅಧಿಕಾರಿಗಳ ಮಾತೂ ಅಲ್ಲಿಗೇ ನಿಲ್ಲುತ್ತದೆ. ಮೀಟರಿನ ಲೆಕ್ಕ ಬಿಲ್ ಮುದ್ರಿಸುವುದಕ್ಕಷ್ಟೇ ಆದರೆ ಅಷ್ಟು ಖರ್ಚು ಮಾಡಿ ಬಂದದ್ದು ದುಬಾರಿ ಬಿಲ್ ಯಂತ್ರ ಮಾತ್ರ. ಮುಂದಿನ ವರ್ಷ ಟಿಸಿಯನ್ನು ಎಲ್ಲಿ ಹಾಕಬೇಕು, ಸೌರ ಘಟಕವನ್ನು ಯಾವ ಸಬ್‌ಸ್ಟೇಷನ್ನಿನ ಪಕ್ಕ ಕಟ್ಟಬೇಕು ಎಂಬ ತೀರ್ಮಾನಕ್ಕೆ ಆ ಲೆಕ್ಕ ಒದಗಿದಾಗ ಜಾಲಕ್ಕೆ ನಿಜವಾದ ಜಾಣತನ ಬರುತ್ತದೆ. ಇದನ್ನು ಅರಿಯಲು ಕರ್ನಾಟಕಕ್ಕಿಂತ ಒಳ್ಳೆಯ ಉದಾಹರಣೆ ದೇಶದಲ್ಲಿ ಸಿಗುವುದು ಕಷ್ಟ.

ಕರ್ನಾಟಕದ ವಿದ್ಯುತ್ ಜಾಲ ಹುಟ್ಟಿದ್ದೇ ಒಂದು ದಿಕ್ಕಿನ ಹರಿವಾಗಿ. 1902ರ ಜೂನ್‌ನಲ್ಲಿ ಶಿವನಸಮುದ್ರದ ಕಾವೇರಿ ಜಲವಿದ್ಯುತ್ ಕೇಂದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಕರೆಂಟು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿ ದೀಪಗಳು ಹೊತ್ತಿದವು. ಆಮೇಲೆ ಶರಾವತಿ, ಕಾಳಿ, ವಾರಾಹಿ ಜಲವಿದ್ಯುತ್ ಕೇಂದ್ರಗಳು ಬಂದವು. ಕಲ್ಲಿದ್ದಲಿನ ರಾಯಚೂರು, ಬಳ್ಳಾರಿ ಬಂದವು. ಮಾದರಿ ಮಾತ್ರ ಬದಲಾಗಲಿಲ್ಲ: ದೂರದ ಒಂದು ಕಡೆ ಉತ್ಪಾದನೆ, ದೊಡ್ಡ ಲೈನಿನಲ್ಲಿ ಸಾಗಣೆ, ಕೊನೆಗೆ ಮನೆ, ಗಿರಣಿ, ಪಂಪ್‌ಸೆಟ್. ಶರಾವತಿ ಹಿನ್ನೀರಿನ ಎಷ್ಟೋ ಹಳ್ಳಿಗಳವರು ತಮ್ಮ ಜಮೀನು ಮುಳುಗಿಸಿ ಹುಟ್ಟಿದ ಕರೆಂಟಿಗಾಗಿ ದಶಕಗಳ ಕಾಲ ಕಾದದ್ದೂ ಈ ಮಾದರಿಯ ಫಲವೇ. ಯೋಜನೆ ಮಾಡುವವರಿಗೆ ಲೆಕ್ಕ ಸರಳವಾಗಿತ್ತು. ಹೋದ ವರ್ಷದ ಬಳಕೆಗೆ ಶೇಕಡಾ ಇಷ್ಟು ಬೆಳವಣಿಗೆ ಸೇರಿಸಿ, ಅಷ್ಟು ಮೆಗಾವ್ಯಾಟ್ ಉತ್ಪಾದನೆ ಹೆಚ್ಚಿಸಿದರೆ ಆಯಿತು. ಊರಿನ ಟಿಸಿಯ ಮಟ್ಟದಲ್ಲಿ ಏನಾಗುತ್ತಿದೆ ಎಂಬುದು ಲೈನ್‌ಮನ್‌ಗೆ ಗೊತ್ತಿದ್ದರೆ ಸಾಕಿತ್ತು.

1999ರಲ್ಲಿ ವಿದ್ಯುತ್ ಮಂಡಳಿ ಹೋಗಿ ವಿದ್ಯುತ್ ಪ್ರಸರಣ ನಿಗಮ, ಅಂದರೆ ಕೆಪಿಟಿಸಿಎಲ್, ಬಂತು. 2002ರಲ್ಲಿ ವಿತರಣೆಯನ್ನು ಬೇರ್ಪಡಿಸಿ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಎಂಬ ನಾಲ್ಕು ಕಂಪನಿಗಳನ್ನು ಮಾಡಲಾಯಿತು. ಮೈಸೂರು ಭಾಗದ ಸೆಸ್ಕ್ 2005ರಲ್ಲಿ ಸೇರಿ, ಎಸ್ಕಾಂ ಎಂದು ಕರೆಯುವ ಈ ವಿತರಣಾ ಕಂಪನಿಗಳು ಐದಾದವು. ಪ್ರಸರಣ ಒಬ್ಬರ ಕೈಯಲ್ಲಿ, ವಿತರಣೆ ಐವರ ಕೈಯಲ್ಲಿ, ಉತ್ಪಾದನೆ ಇನ್ನೂ ಹಲವರ ಕೈಯಲ್ಲಿ. ಜವಾಬ್ದಾರಿ ಹಂಚಿಹೋದ ಕಾಲದಲ್ಲೇ ವಿದ್ಯುತ್ತಿನ ಮೂಲವೂ ಬದಲಾಗತೊಡಗಿತು.

ಬದಲಾವಣೆಯ ದೊಡ್ಡ ಗುರುತು ಪಾವಗಡ. ತುಮಕೂರು ಜಿಲ್ಲೆಯ ಈ ಬರಪೀಡಿತ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್ ಸೌರ ಪಾರ್ಕ್ ಎದ್ದಿತು; 2019ರ ಕೊನೆಗೆ ಪೂರ್ಣಗೊಂಡಿತು. ರೈತರ ಜಮೀನನ್ನು ಕೊಳ್ಳದೆ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಂತೆ ಗುತ್ತಿಗೆಗೆ ಪಡೆದದ್ದು ಅದರ ವಿಶೇಷ. ಗದಗ, ಚಿತ್ರದುರ್ಗ, ಕೊಪ್ಪಳ, ವಿಜಯಪುರದ ಬಯಲುಗಳಲ್ಲಿ ಗಾಳಿ ಯಂತ್ರಗಳು ಹೆಚ್ಚಿದವು. ಸೌರ ವಿದ್ಯುತ್ ಬೆಳಗ್ಗೆ ಏರಿ, ನಡು ಮಧ್ಯಾಹ್ನಕ್ಕೆ ತುದಿ ಮುಟ್ಟಿ, ಸಂಜೆ ಆರರ ಹೊತ್ತಿಗೆ ಸೊನ್ನೆಯಾಗುತ್ತದೆ. ಗಾಳಿಯದು ಮುಂಗಾರಿನಲ್ಲಿ ಜೋರು, ಉಳಿದ ಕಾಲದಲ್ಲಿ ಮಂದ. ಜನರಿಗೆ ದೀಪ, ಟಿವಿ, ಮಿಕ್ಸಿ, ಗೀಸರ್ ಬೇಕಾಗುವುದು ಸೂರ್ಯ ಇನ್ನೂ ಸರಿಯಾಗಿ ಏರದ ಬೆಳಗ್ಗೆ ಮತ್ತು ಅವನು ಮುಳುಗಿದ ಮೇಲಿನ ಸಂಜೆಯಲ್ಲಿ. ಹೀಗಾಗಿ ಕರೆಂಟು ಎಷ್ಟಿದೆ ಎಂಬುದರಷ್ಟೇ ಮುಖ್ಯವಾಗಿ ಅದು ಯಾವ ಗಂಟೆಯಲ್ಲಿದೆ, ಎಲ್ಲಿದೆ ಎಂಬುದೂ ಯೋಜನೆಯ ಪ್ರಶ್ನೆಯಾಯಿತು.

ವಿದ್ಯುತ್ ವ್ಯವಹಾರದಲ್ಲಿ ದಿನವೆಂದರೆ 15 ನಿಮಿಷಗಳ 96 ಭಾಗಗಳು. ಬೆಂಗಳೂರಿನ ರಾಜ್ಯ ಭಾರ ರವಾನೆ ಕೇಂದ್ರ ಪ್ರತಿ ಭಾಗಕ್ಕೂ ಎಷ್ಟು ಬೇಡಿಕೆ, ಯಾವ ಕೇಂದ್ರದಿಂದ ಎಷ್ಟು ಪೂರೈಕೆ ಎಂದು ಹಿಂದಿನ ದಿನವೇ ಪಟ್ಟಿ ಮಾಡುತ್ತದೆ. ಒಪ್ಪಿದ ಪಟ್ಟಿಗಿಂತ ಹೆಚ್ಚು ಎಳೆದರೆ ದಂಡದಂಥ ಶುಲ್ಕ ಬೀಳುತ್ತದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಿನ 765 ಕೆವಿ ಲೈನ್ ಚಾಲೂ ಆಗಿ ದಕ್ಷಿಣದ ಜಾಲ ಉಳಿದ ಭಾರತದೊಡನೆ ಒಂದೇ ತಾಳಕ್ಕೆ ಬಂತು. ಅಂದಿನಿಂದ ಕರ್ನಾಟಕದ ಕೊರತೆಯನ್ನು ಉತ್ತರದ ಹೆಚ್ಚುವರಿಯಿಂದ ತುಂಬುವುದು ಸುಲಭವಾಗಿದೆ. 2023ರಲ್ಲಿ ಮಳೆ ಕೈಕೊಟ್ಟು ಶರಾವತಿಯ ಲಿಂಗನಮಕ್ಕಿ ಜಲಾಶಯದ ನೀರು ಇಳಿದು, ಪಂಪ್‌ಸೆಟ್‌ಗಳ ಬೇಡಿಕೆ ಒಮ್ಮೆಲೇ ಏರಿದಾಗ ರಾಜ್ಯ ಉತ್ತರ ಪ್ರದೇಶ ಮತ್ತು ಪಂಜಾಬ್‌ಗಳಿಂದ ವಿದ್ಯುತ್ತನ್ನು ಸಾಲವಾಗಿ ಪಡೆದು ಮುಂದೆ ಹಿಂತಿರುಗಿಸುವ ಒಪ್ಪಂದ ಮಾಡಿಕೊಂಡಿತು. 2024ರ ಬೇಸಿಗೆಯಲ್ಲಿ ಗರಿಷ್ಠ ಬೇಡಿಕೆ 17 ಸಾವಿರ ಮೆಗಾವ್ಯಾಟ್ ದಾಟಿತು. ಮೇಲಿನ ಹಂತದಲ್ಲಿ ಹೀಗೆ ಕಾಲು ಗಂಟೆಗೊಮ್ಮೆ ಲೆಕ್ಕ. ಕೆಳಗೆ ಮನೆಯ ಹಳೆಯ ಮೀಟರ್ ಕೊಡುವುದು ತಿಂಗಳಿಗೆ ಒಂದು ಅಂಕಿ. ಪಂಪ್‌ಸೆಟ್ಟಿನದು ಅದೂ ಇಲ್ಲ. ಈ ಅಂತರವನ್ನು ತುಂಬುವುದೇ ಸ್ಮಾರ್ಟ್ ಗ್ರಿಡ್‌ನ ಮೊದಲ ಕೆಲಸ.

ಇದಕ್ಕೆ ಬೇಕಾದ ಸಲಕರಣೆಗಳಲ್ಲಿ ನಿಗೂಢವಾದದ್ದೇನೂ ಇಲ್ಲ. ಅರ್ಧ ಗಂಟೆಗೊಮ್ಮೆಯೋ ಕಾಲು ಗಂಟೆಗೊಮ್ಮೆಯೋ ಬಳಕೆ ದಾಖಲಿಸಿ ಮೊಬೈಲ್ ಜಾಲ ಅಥವಾ ರೇಡಿಯೊ ಮೂಲಕ ಕಳಿಸುವ ಮೀಟರ್. ಪ್ರತಿ ಟಿಸಿಗೂ ಪ್ರತಿ ಫೀಡರಿಗೂ ಅಂಥದ್ದೇ ಒಂದೊಂದು ಮೀಟರ್. ಸಬ್‌ಸ್ಟೇಷನ್ನುಗಳನ್ನು ದೂರದಿಂದ ನೋಡಿ ನಡೆಸುವ ಸ್ಕಾಡಾ ವ್ಯವಸ್ಥೆ. ಒಂದು ಕಡೆ ಕೇಬಲ್ ಕೆಟ್ಟರೆ ಇನ್ನೊಂದು ಕಡೆಯಿಂದ ಕರೆಂಟು ತಿರುಗಿಸುವ ರಿಂಗ್ ಮೇನ್ ಯೂನಿಟ್‌ಗಳು. ಬೆಸ್ಕಾಂ ಬೆಂಗಳೂರಿನಲ್ಲಿ ಜಪಾನಿನ ಸಾಲದ ನೆರವಿನಿಂದ ಇಂಥ ವಿತರಣಾ ಸ್ವಯಂಚಾಲನೆಯನ್ನು ಅಳವಡಿಸಿದೆ. ಇವೆಲ್ಲಕ್ಕೂ ಅಡಿಪಾಯವಾಗಿ ಯಾವ ಮನೆ ಯಾವ ಟಿಸಿಗೆ, ಯಾವ ಟಿಸಿ ಯಾವ ಫೀಡರಿಗೆ ಸೇರಿದೆ ಎಂಬ ನಕ್ಷೆ ಬೇಕು. ಕೇಳಲು ಸಣ್ಣ ವಿಷಯ, ಆದರೆ ಜಗತ್ತಿನ ಬಹಳಷ್ಟು ವಿತರಣಾ ಕಂಪನಿಗಳು ಎಡವುವುದು ಇಲ್ಲೇ. ಲೈನ್‌ಮನ್ ಒಂದು ಬೇಸಿಗೆಯಲ್ಲಿ ಲೋಡ್ ತಾಳದೆ ನಾಲ್ಕು ಮನೆಗಳನ್ನು ಪಕ್ಕದ ಟಿಸಿಗೆ ಬದಲಾಯಿಸುತ್ತಾನೆ. ನಕ್ಷೆಯಲ್ಲಿ ಅದು ದಾಖಲಾಗುವುದಿಲ್ಲ. ಅಲ್ಲಿಂದ ಮುಂದೆ ಆ ಎರಡೂ ಟಿಸಿಗಳ ನಷ್ಟದ ಲೆಕ್ಕ ಸುಳ್ಳು.

ಇಂಥ ಅಳತೆಯ ಮೇಲೆ ನಿಂತ ಸ್ಥಳೀಯ ಯೋಜನೆ ಎಂದರೇನು ಎಂಬುದು ಪಂಪ್‌ಸೆಟ್ಟಿನಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ಕೃಷಿ ಪಂಪ್‌ಸೆಟ್‌ಗಳಿವೆ. ರಾಜ್ಯದ ಒಟ್ಟು ಬಳಕೆಯ ಸುಮಾರು ಮೂರನೆಯ ಒಂದು ಭಾಗ ಅವುಗಳದು. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟು ಉಚಿತ, ಬಹುತೇಕ ಕಡೆ ಮೀಟರ್ ಇಲ್ಲ. ಅವು ಎಷ್ಟು ಬಳಸಿದವು ಎಂಬುದನ್ನು ಫೀಡರ್ ಮತ್ತು ಕೆಲವು ಟಿಸಿಗಳ ಅಳತೆಯಿಂದ ಅಂದಾಜು ಮಾಡಿ, ಸರ್ಕಾರದಿಂದ ಸಬ್ಸಿಡಿ ಪಡೆಯಲಾಗುತ್ತದೆ. ಅಂದಾಜು ಹೆಚ್ಚಾದಷ್ಟೂ ಕಂಪನಿಯ ಸೋರಿಕೆ ಕಡಿಮೆ ಕಾಣುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಹೊಲದಲ್ಲಿ ನಡೆಯುವುದು ಹೀಗೆ. ತ್ರೀ ಫೇಸ್ ಕರೆಂಟು ದಿನಕ್ಕೆ ಏಳು ಗಂಟೆ, ಅದೂ ಹಗಲು ಸ್ವಲ್ಪ, ರಾತ್ರಿ ಸ್ವಲ್ಪ. ಯಾವ ಹೊತ್ತಿಗೆ ಬರುತ್ತದೋ ಕಾಯಲಾಗದ ರೈತ ಬದುವಿನ ಮೇಲಿನ ತಗಡಿನ ಪೆಟ್ಟಿಗೆಯಲ್ಲಿ ಆಟೊ ಸ್ಟಾರ್ಟರ್ ಕೂರಿಸಿರುತ್ತಾನೆ. ಕರೆಂಟು ಬಂದ ಕೂಡಲೇ ಮೋಟರು ತಾನಾಗಿ ಶುರು. ಅವನೊಬ್ಬನೇ ಅಲ್ಲ, ಆ ಟಿಸಿಯ ಎಲ್ಲರದೂ ಹಾಗೆಯೇ. 5 ಎಚ್‌ಪಿಯ ಹತ್ತು ಪಂಪ್‌ಸೆಟ್‌ಗಳು ಓಡುತ್ತಿರುವಾಗಲೇ ಮೋಟರಿನ ನಷ್ಟವೆಲ್ಲ ಸೇರಿ 60 ಕೆವಿಎ ಹತ್ತಿರ ಎಳೆಯುತ್ತವೆ. 63 ಕೆವಿಎ ಟಿಸಿಗೆ ಅದೇ ಪೂರ್ತಿ ಭಾರ. ಶುರುವಾಗುವ ಗಳಿಗೆಯಲ್ಲಿ ಪ್ರತಿ ಮೋಟರು ಮಾಮೂಲಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಹತ್ತೂ ಒಟ್ಟಿಗೆ ಎದ್ದರೆ ವೋಲ್ಟೇಜ್ ಕುಸಿಯುತ್ತದೆ, ವೋಲ್ಟೇಜ್ ಕುಸಿದಷ್ಟೂ ಮೋಟರು ಹೆಚ್ಚು ಎಳೆಯುತ್ತದೆ, ಕಾಯಿಲ್ ಬಿಸಿಯಾಗುತ್ತದೆ. ಪಟ್ಟಿಯಲ್ಲಿ ಇಲ್ಲದ ಎರಡು–ಮೂರು ಅಕ್ರಮ ಪಂಪ್‌ಸೆಟ್ ಇದ್ದರೆ ಕಥೆ ಮುಗಿಯಿತು: ಟಿಸಿ ಸುಡುತ್ತದೆ. ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ರಿಪೇರಿಗೆ ಹೋಗಿ, ಬದಲಿ ಟಿಸಿ ಬರುವಷ್ಟರಲ್ಲಿ ಬೆಳೆ ಒಣಗಿರುತ್ತದೆ. ಸಿಂಗಲ್ ಫೇಸ್ ಹೊತ್ತಿನಲ್ಲಿ ಕಂಡೆನ್ಸರ್ ಹಾಕಿ ಮೋಟರು ಓಡಿಸುವ ಉಪಾಯ ಬೇರೆ. ಇದರಲ್ಲಿ ರೈತನ ತಪ್ಪು ಹುಡುಕುವುದು ಸುಲಭ. ಆದರೆ ಗೊತ್ತಾದ ಹೊತ್ತಿಗೆ ಕರೆಂಟು ಬರುತ್ತದೆ ಎಂಬ ನಂಬಿಕೆ ಇದ್ದಿದ್ದರೆ ಆಟೊ ಸ್ಟಾರ್ಟರ್‌ಗೆ ಕೆಲಸವೇ ಇರುತ್ತಿರಲಿಲ್ಲ.

ಟಿಸಿಗೆ ಒಂದು ಮೀಟರ್ ಹಾಕಿ ಅದರ ಕಾಲು ಗಂಟೆಯ ಲೆಕ್ಕ ನೋಡಿದರೆ ಇದೆಲ್ಲ ರೇಖೆಯಾಗಿ ಎದ್ದು ಕಾಣುತ್ತದೆ. ಆಗ ಆಯ್ಕೆಗಳು ಹಲವು. ಪಂಪ್‌ಸೆಟ್‌ಗಳು ಒಂದೆರಡು ನಿಮಿಷದ ಅಂತರದಲ್ಲಿ ಸರದಿಯಂತೆ ಶುರುವಾಗುವ ಹಾಗೆ ಸ್ಟಾರ್ಟರ್ ಹೊಂದಿಸುವುದು ಅತಿ ಅಗ್ಗದ್ದು. ಕೆಪಾಸಿಟರ್ ಹಾಕಿ ವೋಲ್ಟೇಜ್ ಎತ್ತುವುದು ಇನ್ನೊಂದು. ಹೆಚ್ಚುವರಿ ಟಿಸಿ ದುಬಾರಿ, ಹೊಸ ಸಬ್‌ಸ್ಟೇಷನ್ ಅದಕ್ಕಿಂತ ದುಬಾರಿ. ಅಳತೆಯಿಲ್ಲದ ಯೋಜನೆ ಸಾಮಾನ್ಯವಾಗಿ ಕೊನೆಯ ಎರಡನ್ನೇ ಆರಿಸುತ್ತದೆ. ಶಾಸಕರಿಗೆ ಉದ್ಘಾಟಿಸಲು ಸಬ್‌ಸ್ಟೇಷನ್ ಚೆಂದ. ಕೆಪಾಸಿಟರ್ ಉದ್ಘಾಟನೆಗೆ ಯಾರೂ ರಿಬ್ಬನ್ ಕಟ್ಟುವುದಿಲ್ಲ.

ಕರ್ನಾಟಕದಲ್ಲಿ ಸ್ಮಾರ್ಟ್ ಗ್ರಿಡ್‌ನ ಮೊದಲ ದೊಡ್ಡ ಪ್ರಯೋಗ ಮೈಸೂರಿನದು. ಕೇಂದ್ರ ಸರ್ಕಾರ ದೇಶದ 14 ಕಡೆ ಆರಂಭಿಸಲು ಒಪ್ಪಿದ ಪ್ರಾಯೋಗಿಕ ಯೋಜನೆಗಳಲ್ಲಿ ಸೆಸ್ಕ್‌ನದೂ ಒಂದು. ಮೈಸೂರು ನಗರದ ಅಂಚಿನ ಸುಮಾರು 21,800 ಗ್ರಾಹಕರು, 14 ಫೀಡರ್‌ಗಳು, 473 ಟಿಸಿಗಳು ಅದರ ವ್ಯಾಪ್ತಿ. ಮನೆ, ಅಂಗಡಿ, ಕಾರ್ಖಾನೆಗಳ ಜೊತೆಗೆ ಸುಮಾರು 500 ನೀರಾವರಿ ಪಂಪ್‌ಸೆಟ್‌ಗಳೂ ಅದರಲ್ಲಿದ್ದವು. ಆ ಮಿಶ್ರಣವೇ ಅದರ ಬೆಲೆ. ಬರೀ ನಗರದ ಬಡಾವಣೆಯಲ್ಲಿ ಮಾಡಿದ ಪ್ರಯೋಗದಿಂದ ಹಳ್ಳಿಯ ಫೀಡರಿಗೆ ಪಾಠ ಸಿಗುವುದಿಲ್ಲ. ರಾಷ್ಟ್ರೀಯ ಸ್ಮಾರ್ಟ್ ಗ್ರಿಡ್ ಮಿಷನ್ 2015ರಲ್ಲಿ ಬಂತು. 2021ರಲ್ಲಿ ಕೇಂದ್ರ ಪ್ರಕಟಿಸಿದ ವಿತರಣಾ ಸುಧಾರಣಾ ಯೋಜನೆ 25 ಕೋಟಿ ಪ್ರಿಪೇಯ್ಡ್ ಸ್ಮಾರ್ಟ್ ಮೀಟರ್‌ಗಳ ಗುರಿ ಇಟ್ಟುಕೊಂಡಿತು. ಸಣ್ಣ ಪ್ರಯೋಗಗಳ ಪಾಠ ಕೂಡಿಸುವ ಮೊದಲೇ ಗುರಿ ಕೋಟಿಗಳಿಗೆ ಜಿಗಿಯಿತು ಎಂಬ ಮಾತಿನಲ್ಲಿ ಹುರುಳಿದೆ. ಇಟಲಿಯ ಎನೆಲ್ ಕಂಪನಿಗೆ ಸುಮಾರು 3 ಕೋಟಿ ಮೀಟರ್ ಬದಲಿಸಲು 2001ರಿಂದ ಐದಾರು ವರ್ಷ ಬೇಕಾಯಿತು.

ಅಳತೆ ಒಂದು ಕಾಲು. ಇನ್ನೊಂದು ಕಾಲು ಉತ್ಪಾದನೆಯನ್ನು ಬಳಕೆಯ ಹತ್ತಿರಕ್ಕೆ ತರುವುದು. ಇಲ್ಲಿ ಕರ್ನಾಟಕಕ್ಕೆ ಹಳೆಯ ಒಂದು ಕೆಲಸ ಒದಗಿ ಬಂದಿದೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಹಳ್ಳಿಗಳ ಮನೆ–ಅಂಗಡಿಗಳ ಫೀಡರನ್ನು ಪಂಪ್‌ಸೆಟ್‌ಗಳ ಫೀಡರಿನಿಂದ ಬೇರ್ಪಡಿಸಲಾಯಿತು. ಉದ್ದೇಶವಿದ್ದದ್ದು ಹಳ್ಳಿಮನೆಗೆ ದಿನವಿಡೀ ದೀಪ ಕೊಡುವುದು. ಅದರಿಂದ ಕೃಷಿ ಫೀಡರುಗಳು ತಾವೇ ಒಂದು ಘಟಕವಾಗಿ ಉಳಿದವು. ಕೃಷಿಗೆ ಸೌರ ವಿದ್ಯುತ್ ತರುವ ಪಿಎಂ–ಕುಸುಮ್ ಯೋಜನೆಯ ‘ಸಿ’ ಭಾಗ ಇಂಥ ಫೀಡರಿಗೆ ಸೌರ ಘಟಕ ಜೋಡಿಸಲು ವೆಚ್ಚದ ಶೇ. 30ರವರೆಗೆ ಕೇಂದ್ರದ ನೆರವು ಕೊಡುತ್ತದೆ. ಸಬ್‌ಸ್ಟೇಷನ್ ಪಕ್ಕದ ಗೋಮಾಳದಲ್ಲೋ ಗುತ್ತಿಗೆ ಜಮೀನಿನಲ್ಲೋ ಮೆಗಾವ್ಯಾಟಿಗೆ ನಾಲ್ಕು ಎಕರೆಯಂತೆ ಫಲಕಗಳು; ಅಲ್ಲಿ ಹುಟ್ಟಿದ ಕರೆಂಟು ಅಲ್ಲಿಯ ಪಂಪ್‌ಸೆಟ್‌ಗೆ, ಹಗಲಿನಲ್ಲೇ. ರಾತ್ರಿ ಹಾವು, ಚಿರತೆಗಳ ಭಯದಲ್ಲಿ ನೀರು ಕಟ್ಟುವುದು ತಪ್ಪುತ್ತದೆ, ನೂರಾರು ಕಿಲೋಮೀಟರ್ ಸಾಗಣೆಯ ನಷ್ಟವೂ ತಪ್ಪುತ್ತದೆ. ಆದರೆ ಯಾವ ಸಬ್‌ಸ್ಟೇಷನ್ನಿಗೆ ಎಷ್ಟು ಮೆಗಾವ್ಯಾಟ್ ಸರಿ ಎಂಬುದು ಫೀಡರಿನ ಗಂಟೆ ಗಂಟೆಯ ಲೆಕ್ಕವಿಲ್ಲದೆ ತಿಳಿಯದು. ಮುಂಗಾರು ಚೆನ್ನಾಗಿ ಹಿಡಿದ ಆಗಸ್ಟಿನಲ್ಲಿ ಪಂಪ್‌ಸೆಟ್ ಓಡುವುದಿಲ್ಲ. ಆಗ ಸೌರ ವಿದ್ಯುತ್ ಸಬ್‌ಸ್ಟೇಷನ್ನಿನಿಂದ ಮೇಲಕ್ಕೆ ಹರಿಯಬೇಕು. ಅಲ್ಲಿಯ ರಕ್ಷಣಾ ಸಲಕರಣೆ ಆ ದಿಕ್ಕಿನ ಹರಿವಿಗೆ ಸಿದ್ಧವಿರಬೇಕು. ಪಾವಗಡದಂಥ ದೊಡ್ಡ ಪಾರ್ಕಿನ ತರ್ಕ ಬೇರೆ, ಇಂಥ ಚಿಕ್ಕ ಘಟಕಗಳ ತರ್ಕ ಬೇರೆ. ಎರಡನ್ನೂ ಒಂದೇ ಮೆಗಾವ್ಯಾಟ್ ಪಟ್ಟಿಯಲ್ಲಿ ಸೇರಿಸಿ ಹೇಳುವುದು ವರದಿಗಳ ಕೆಟ್ಟ ಅಭ್ಯಾಸ.

ಕನಕಪುರ ತಾಲ್ಲೂಕಿನ ಹಾರೋಬೆಲೆ ಭಾಗದಲ್ಲಿ 2014ರ ‘ಸೂರ್ಯ ರೈತ’ ಯೋಜನೆಯಡಿ ಮುನ್ನೂರರಷ್ಟು ಪಂಪ್‌ಸೆಟ್‌ಗಳಿಗೆ ಸೌರ ಫಲಕ ಹಾಕಿ ಜಾಲಕ್ಕೆ ಜೋಡಿಸಿದ್ದು ಇದರ ಇನ್ನೊಂದು ರೂಪ. ರೈತ ಬಳಸಿ ಉಳಿದ ಕರೆಂಟನ್ನು ಮಾರಬಹುದು. ಉಳಿಸಿದ್ದಕ್ಕೆ ಹಣ ಬಂದರೆ ಕೊಳವೆಬಾವಿಯನ್ನು ಬೇಕಾಬಿಟ್ಟಿ ಓಡಿಸುವುದು ಕಡಿಮೆಯಾದೀತು ಎಂಬುದು ಅದರ ಹಿಂದಿನ ಎಣಿಕೆ. ಅಂತರ್ಜಲ ಪಾತಾಳಕ್ಕಿಳಿದ ಜಿಲ್ಲೆಗಳಲ್ಲಿ ವಿದ್ಯುತ್ ಯೋಜನೆ ನೀರಿನ ಯೋಜನೆಯೂ ಹೌದು. ಹಗಲಿಡೀ ಪುಕ್ಕಟೆ ಸೌರ ಕರೆಂಟು ಕೊಟ್ಟು ಬಳಕೆಗೆ ಮಿತಿ ಇಡದಿದ್ದರೆ ಲೈನು ಉಳಿದು ನೀರು ಮುಗಿಯುತ್ತದೆ.

ನಗರದ ಪ್ರಶ್ನೆಗಳು ಬೇರೆ. ಮನೆಯಲ್ಲಿ ಕಾರು ಚಾರ್ಜ್ ಮಾಡುವ ಯಂತ್ರ 3.3ರಿಂದ 7 ಕಿಲೋವ್ಯಾಟ್ ಎಳೆಯುತ್ತದೆ, ಅಂದರೆ ಒಂದು ಸಾಮಾನ್ಯ ಮನೆಯ ಇಡೀ ಲೋಡಿನಷ್ಟು. ನೂರು ಫ್ಲಾಟುಗಳ ಅಪಾರ್ಟ್‌ಮೆಂಟಿನಲ್ಲಿ ಎಲ್ಲರೂ ಕಚೇರಿಯಿಂದ ಬಂದು ಏಳು ಗಂಟೆಗೆ ಪ್ಲಗ್ ಹಾಕಿದರೆ ಕಟ್ಟಡದ ಟ್ರಾನ್ಸ್‌ಫಾರ್ಮರ್ ತಾಳದು. ರಾತ್ರಿ ಹನ್ನೊಂದರಿಂದ ಬೆಳಗಿನವರೆಗೆ ಹಂಚಿದರೆ ಹೊಸ ಟ್ರಾನ್ಸ್‌ಫಾರ್ಮರೇ ಬೇಡ. 2017ರಲ್ಲೇ ವಿದ್ಯುತ್ ವಾಹನ ನೀತಿ ತಂದ ಕರ್ನಾಟಕದಲ್ಲಿ ಚಾರ್ಜಿಂಗ್ ಕೇಂದ್ರಗಳಿಗೆ ಬೆಸ್ಕಾಂ ನೋಡಲ್ ಸಂಸ್ಥೆ. 2024ರ ಪಿಎಂ ಸೂರ್ಯಘರ್ ಯೋಜನೆ 3 ಕಿಲೋವ್ಯಾಟ್ ಚಾವಣಿ ಘಟಕಕ್ಕೆ 78 ಸಾವಿರ ರೂಪಾಯಿ ಸಹಾಯಧನ ಕೊಡುತ್ತದೆ. ಒಂದೇ ಬೀದಿಯಲ್ಲಿ ಹತ್ತಾರು ಚಾವಣಿಗಳು ಮಧ್ಯಾಹ್ನ ಒಟ್ಟಿಗೆ ಕರೆಂಟು ತಳ್ಳಿದರೆ ವೋಲ್ಟೇಜ್ ಏರಿ ಇನ್ವರ್ಟರ್‌ಗಳು ತಾವಾಗಿ ನಿಂತುಬಿಡುತ್ತವೆ. ಯಾವ ಟಿಸಿ ಎಷ್ಟು ಸೌರ ವಿದ್ಯುತ್ ಅರಗಿಸಿಕೊಳ್ಳಬಲ್ಲದು ಎಂಬುದನ್ನು ಮೊದಲೇ ಲೆಕ್ಕ ಹಾಕಿ ಸಾರ್ವಜನಿಕರಿಗೆ ತೋರಿಸಿದರೆ, ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯುವುದು ತಪ್ಪುತ್ತದೆ.

ಬೇಡಿಕೆಯನ್ನು ಗಂಟೆಯಿಂದ ಗಂಟೆಗೆ ಸರಿಸುವ ಹಳೆಯ ಸಾಧನ ದರ. ಕರ್ನಾಟಕದ ಕಾರ್ಖಾನೆಗಳಿಗೆ ಬಹುಕಾಲ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ರಿಯಾಯಿತಿ ಇತ್ತು, ಏಕೆಂದರೆ ಉಷ್ಣ ಸ್ಥಾವರಗಳನ್ನು ರಾತ್ರಿ ನಿಲ್ಲಿಸುವುದು ಕಷ್ಟ. ಸೂರ್ಯ ಆ ಲೆಕ್ಕವನ್ನು ತಿರುಗಿಸಿದ್ದಾನೆ. 2023ರಲ್ಲಿ ತಿದ್ದುಪಡಿಯಾದ ಕೇಂದ್ರದ ಗ್ರಾಹಕ ಹಕ್ಕುಗಳ ನಿಯಮದ ಪ್ರಕಾರ ದಿನದ ಎಂಟು ಸೌರ ಗಂಟೆಗಳಲ್ಲಿ ದರ ಕನಿಷ್ಠ ಶೇ. 20ರಷ್ಟು ಕಡಿಮೆ, ಗರಿಷ್ಠ ಬೇಡಿಕೆಯ ಹೊತ್ತಿನಲ್ಲಿ ಕೈಗಾರಿಕೆ–ವಾಣಿಜ್ಯಕ್ಕೆ ಕನಿಷ್ಠ ಶೇ. 20ರಷ್ಟು, ಉಳಿದವರಿಗೆ ಕನಿಷ್ಠ ಶೇ. 10ರಷ್ಟು ಹೆಚ್ಚು ಇರಬೇಕು. ದೊಡ್ಡ ಗ್ರಾಹಕರಿಗೆ 2024ರ ಏಪ್ರಿಲ್‌ನಿಂದ, ಕೃಷಿ ಬಿಟ್ಟು ಉಳಿದವರಿಗೆ 2025ರ ಏಪ್ರಿಲ್‌ನಿಂದ ಎಂದು ನಿಯಮ ಹೇಳಿತು. 2023ರ ಆಗಸ್ಟ್‌ನಿಂದ ರಾಜ್ಯದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯಡಿ 200 ಯೂನಿಟ್‌ವರೆಗೆ ಬಿಲ್ ಕಟ್ಟದ ಮನೆಗೆ ಈ ಏರಿಳಿತ ತಟ್ಟುವುದೇ ಇಲ್ಲ. ಶೂನ್ಯ ಬಿಲ್ಲಿನಲ್ಲಿ ಹಗಲಿಗೆ ರಿಯಾಯಿತಿ ಕೊಡುವುದು ಯಾವುದರ ಮೇಲೆ? ಉಚಿತ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಯೋಜನೆ ಮಾಡುವವರು ಮನೆಗಳ ಸಂಜೆಯ ಬೇಡಿಕೆ ದರಕ್ಕೆ ಬಗ್ಗುತ್ತದೆ ಎಂದು ನಂಬಿ ಲೆಕ್ಕ ಹಾಕುವಂತಿಲ್ಲ. ಕಾರ್ಖಾನೆ, ನೀರು ಸರಬರಾಜು ಪಂಪು, ಕೋಲ್ಡ್ ಸ್ಟೋರೇಜ್, ವಾಹನ ಚಾರ್ಜಿಂಗ್ ಇವುಗಳ ಮೇಲೆ ನಂಬಿಕೆ ಇಡಬಹುದು. ಬೆಂಗಳೂರಿಗೆ ಕಾವೇರಿ ನೀರೆತ್ತುವ ಪಂಪುಗಳಂಥ ಭಾರೀ ಲೋಡನ್ನು ಜಲಾಶಯ ಅನುಮತಿಸಿದಷ್ಟು ಸೌರ ಗಂಟೆಗಳಿಗೆ ಸರಿಸುವುದು ಲಕ್ಷ ಮನೆಗಳ ಮನವೊಲಿಸುವುದಕ್ಕಿಂತ ಸುಲಭ.

ಸರಿಸಿಯೂ ಉಳಿಯುವ ಸಂಜೆಯ ಕೊರತೆಗೆ ಸಂಗ್ರಹ ಬೇಕು. ಶರಾವತಿ ಕಣಿವೆಯಲ್ಲಿ ಮೇಲಿನ ತಳಕಳಲೆ ಮತ್ತು ಕೆಳಗಿನ ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆ ಈ ಕಾರಣಕ್ಕೇ ರೂಪುಗೊಂಡಿದೆ: ಹಗಲಿನ ಹೆಚ್ಚುವರಿಯಿಂದ ನೀರು ಮೇಲೆತ್ತಿ, ಸಂಜೆ ಕೆಳಗೆ ಬಿಡುವುದು. ಎತ್ತಲು ಬಳಸಿದ ಪ್ರತಿ 100 ಯೂನಿಟ್ಟಿಗೆ ಮರಳುವುದು 75–80 ಯೂನಿಟ್. ಜಾಗ ಸಿಂಗಳೀಕಗಳ ಅಭಯಾರಣ್ಯ. ಸಾಗರ, ಹೊನ್ನಾವರ ಭಾಗದಲ್ಲಿ ತೀವ್ರ ವಿರೋಧವಿದೆ. ಸ್ಥಳೀಯ ಯೋಜನೆಯ ಅಗತ್ಯ ಇಲ್ಲಿಯೂ ನೇರವಾಗಿ ಕಾಣುತ್ತದೆ. ಪಂಪ್‌ಸೆಟ್‌ಗಳನ್ನು ಹಗಲಿಗೆ ಸರಿಸಿದ ಮೇಲೆ, ಫೀಡರ್ ಮಟ್ಟದ ಸೌರ ಘಟಕ ಮತ್ತು ಸಬ್‌ಸ್ಟೇಷನ್ ಬ್ಯಾಟರಿಗಳನ್ನು ಲೆಕ್ಕಕ್ಕೆ ಹಿಡಿದ ಮೇಲೆ, ಸಂಜೆಗೆ ಇನ್ನೆಷ್ಟು ಮೆಗಾವ್ಯಾಟ್ ಬೇಕು ಎಂಬ ಅಂಕಿ ಮೊದಲು ಬರಬೇಕು. ಕಾಡಿನ ಪ್ರಶ್ನೆ ಅದಾದ ನಂತರದ್ದು. ಈಗ ಚರ್ಚೆ ತಲೆಕೆಳಗಾಗಿ ನಡೆಯುತ್ತಿದೆ.

ಈ ಲೆಕ್ಕ ಹಾಕಬೇಕಾದವರು ಯಾರು? 2023ರ ಜೂನ್‌ನಲ್ಲಿ ಕೇಂದ್ರ ವಿದ್ಯುತ್ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯಂತೆ ಪ್ರತಿ ವಿತರಣಾ ಕಂಪನಿಯೂ ಮುಂದಿನ ಹತ್ತು ವರ್ಷಗಳ ಬೇಡಿಕೆ–ಪೂರೈಕೆಯ ಯೋಜನೆ ಮಾಡಿ ವರ್ಷವರ್ಷವೂ ಪರಿಷ್ಕರಿಸಬೇಕು. ಅದು ಕಂಪನಿಯ ಮಟ್ಟದ್ದು. ಅದರ ಕೆಳಗೆ ಖಾಲಿ ಜಾಗ. ಸಂವಿಧಾನದ 11ನೇ ಅನುಸೂಚಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಲ್ಲಿ 14ನೆಯದು ವಿತರಣೆಯೂ ಸೇರಿದ ಗ್ರಾಮೀಣ ವಿದ್ಯುದೀಕರಣ, 15ನೆಯದು ಅಸಾಂಪ್ರದಾಯಿಕ ಇಂಧನ. ಪಂಚಾಯಿತಿ, ಪುರಸಭೆಗಳ ಯೋಜನೆಗಳನ್ನು ಒಟ್ಟುಗೂಡಿಸಲು ಜಿಲ್ಲಾ ಯೋಜನಾ ಸಮಿತಿಯೂ ಇದೆ. 1987ರಲ್ಲೇ ಜಿಲ್ಲಾ ಪರಿಷತ್ತುಗಳಿಗೆ ಅಧಿಕಾರ ಕೊಟ್ಟು ದೇಶಕ್ಕೆ ದಾರಿ ತೋರಿದ ರಾಜ್ಯದಲ್ಲಿ ಪಂಚಾಯಿತಿ ಮತ್ತು ವಿದ್ಯುತ್ತಿನ ನಂಟು ಇಂದು ಬೀದಿದೀಪ, ಕುಡಿಯುವ ನೀರಿನ ಪಂಪುಗಳ ಬಾಕಿ ಬಿಲ್ಲಿಗೆ ಇಳಿದಿದೆ.

ತಾಲ್ಲೂಕು ಮಟ್ಟದ ಯೋಜನೆಗೆ ಬೇಕಾದದ್ದು ಹೆಚ್ಚೇನಲ್ಲ. ತಾಲ್ಲೂಕಿನ ಪ್ರತಿ ಫೀಡರಿನ ಹನ್ನೆರಡು ತಿಂಗಳ ಗಂಟೆವಾರು ಲೋಡು. ಬರಲಿರುವ ಲೇಔಟು, ಕೈಗಾರಿಕಾ ಪ್ರದೇಶ, ಏತ ನೀರಾವರಿಯ ಪಟ್ಟಿ. ಇದು ಕಂದಾಯ, ನಗರ ಯೋಜನೆ, ನೀರಾವರಿ ಇಲಾಖೆಗಳಲ್ಲಿ ಇದೆ, ಎಸ್ಕಾಂಗೆ ತಲುಪುವುದು ಅರ್ಜಿ ಬಂದಾಗ ಮಾತ್ರ. ಸಬ್‌ಸ್ಟೇಷನ್ ಸುತ್ತಮುತ್ತಲಿನ ಸರ್ಕಾರಿ ಜಮೀನು, ಶಾಲೆ, ಎಪಿಎಂಸಿ, ಹಾಲಿನ ಡೇರಿಗಳ ಚಾವಣಿಯ ವಿಸ್ತೀರ್ಣ. ಇವನ್ನು ಒಂದೇ ನಕ್ಷೆಯ ಮೇಲಿಟ್ಟರೆ ಅರ್ಧ ಯೋಜನೆ ಮುಗಿದಂತೆ. ಹಾಲು ತಂಪು ಮಾಡುವ ಘಟಕ ಹಗಲಲ್ಲೇ ಮಂಜುಗಡ್ಡೆ ಕಟ್ಟಿ ಸಂಜೆಯ ಹಾಲಿಗೆ ಬಳಸಬಹುದು ಎಂಬಂಥ ಉಪಾಯಗಳು ಬೆಂಗಳೂರಿನ ಕಚೇರಿಯಲ್ಲಿ ಹೊಳೆಯುವಂಥವಲ್ಲ. ಹೀಗೆ ತಾಲ್ಲೂಕುಗಳ ಅಂಕಿ ಜಿಲ್ಲೆಗೆ, ಜಿಲ್ಲೆಗಳದು ಎಸ್ಕಾಂಗೆ, ಅಲ್ಲಿಂದ ಕೆಪಿಟಿಸಿಎಲ್‌ನ ಲೈನುಗಳ ಯೋಜನೆಗೆ ಏರಬೇಕು. ಮೇಲಿನಿಂದ ಗಾಳಿ–ಸೌರ ಮುನ್ಸೂಚನೆ ಮತ್ತು ಮಾರುಕಟ್ಟೆಯ ದರ ಕೆಳಗಿಳಿಯಬೇಕು. ಅಂಥ ಮುನ್ಸೂಚನೆಗೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2015ರಲ್ಲೇ ನಿಯಮ ಮಾಡಿತ್ತು.

ಅಡ್ಡಿಗಳೂ ಇವೆ. ಮೊದಲನೆಯದು ಹಣ ಮತ್ತು ನಂಬಿಕೆ. 2025ರಲ್ಲಿ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯವಾದಾಗ ಅದರ ಬೆಲೆಯ ಸುತ್ತ ವಿವಾದ ಎದ್ದು ಹೈಕೋರ್ಟಿನವರೆಗೂ ಹೋಯಿತು. ಮೀಟರಿನ ಖರ್ಚು ಗ್ರಾಹಕನದು, ಲಾಭ ಕಂಪನಿಯದು ಎಂಬ ಭಾವನೆ ಒಮ್ಮೆ ಬೇರುಬಿಟ್ಟರೆ ತೆಗೆಯುವುದು ಕಷ್ಟ. ಟಿಸಿ ಮತ್ತು ಫೀಡರ್ ಮೀಟರ್‌ಗಳಿಂದ ಶುರುಮಾಡಿದ್ದರೆ ಮನೆಯವರ ಜೇಬಿಗೆ ಕೈಹಾಕದೆಯೇ ಯೋಜನೆಗೆ ಬೇಕಾದ ಮುಕ್ಕಾಲು ಮಾಹಿತಿ ಸಿಗುತ್ತಿತ್ತು. ಎರಡನೆಯದು ಖಾಸಗಿತನ. ಅರ್ಧ ಗಂಟೆಗೊಮ್ಮೆಯ ಬಳಕೆ ನೋಡಿದರೆ ಮನೆಯಲ್ಲಿ ಯಾವಾಗ ಜನ ಇದ್ದಾರೆ, ಯಾವಾಗ ಬೀಗ ಬಿದ್ದಿದೆ ಎಂದು ಹೇಳಬಹುದು. ಇದೇ ಕಾರಣಕ್ಕೆ ನೆದರ್ಲೆಂಡ್ಸ್‌ನ ಸೆನೆಟ್ 2009ರಲ್ಲಿ ಕಡ್ಡಾಯ ಸ್ಮಾರ್ಟ್ ಮೀಟರ್ ಮಸೂದೆಯನ್ನು ತಡೆಯಿತು. ಸ್ಥಳೀಯ ಯೋಜನೆಗೆ ಮನೆಮನೆಯ ಲೆಕ್ಕ ಬೇಡ, ಟಿಸಿಯ ಒಟ್ಟು ಲೆಕ್ಕ ಸಾಕು. ಬಿಡಿ ಮಾಹಿತಿ ಬಿಲ್ಲಿಂಗ್ ವಿಭಾಗದಲ್ಲೇ ಉಳಿಯಬೇಕು.

ಮೂರನೆಯದು ಭದ್ರತೆ. 2015ರ ಡಿಸೆಂಬರ್‌ನಲ್ಲಿ ಉಕ್ರೇನಿನ ವಿತರಣಾ ಕಂಪನಿಗಳ ಕಂಪ್ಯೂಟರುಗಳಿಗೆ ನುಗ್ಗಿದವರು ದೂರದಿಂದಲೇ ಸಬ್‌ಸ್ಟೇಷನ್ ಸ್ವಿಚ್‌ಗಳನ್ನು ತೆಗೆದು ಸುಮಾರು 2.25 ಲಕ್ಷ ಗ್ರಾಹಕರನ್ನು ಗಂಟೆಗಟ್ಟಲೆ ಕತ್ತಲಲ್ಲಿಟ್ಟರು. ಅಲ್ಲಿ ಕರೆಂಟು ಮರಳಿದ್ದು ಸಿಬ್ಬಂದಿ ಸಬ್‌ಸ್ಟೇಷನ್ನಿಗೆ ಓಡಿಹೋಗಿ ಕೈಯಾರೆ ಸ್ವಿಚ್ ಹಾಕಿದ ಮೇಲೆ. ದೂರನಿಯಂತ್ರಣ ಬಂತೆಂದು ಸಬ್‌ಸ್ಟೇಷನ್ ಆಪರೇಟರುಗಳ, ಲೈನ್‌ಮನ್‌ಗಳ ಹುದ್ದೆ ಖಾಲಿ ಬಿಡುವ ಯೋಜನೆಯಲ್ಲಿ ಇಂಥ ರಾತ್ರಿಗೆ ಯಾರು ಓಡಬೇಕು ಎಂಬುದಕ್ಕೂ ಒಂದು ಸಾಲು ಇರಬೇಕಾಗುತ್ತದೆ.